ಮಾವನ ಗುಡ್ಡದಲ್ಲಿ ಇವತ್ತಿನ ಹವೆ

ಕಾಂಚನಜುಂಗಾ ಶಿಖರ ಮುಂಬಯಿಯ ಬೈಕುಲ್ಲಾದಲ್ಲಿತ್ತು ಎಂದರೆ ನೀವು ನಂಬುವುದಿಲ್ಲ. ಪತ್ರಿಕೆಯ ಕಚೇರಿಯಲ್ಲಿ ಕುಳಿತು ಬೇರೆಯವರ ತಪ್ಪು ತಿದ್ದಿ ಸಂಬಳ ಪಡೆಯುವ ನಾನೂ ನಂಬಬಾರದು. ಆದರೆ ಏನು ಮಾಡಲಿ? ಸ್ಟೇಷನ್ನಿಗೆ ಹತ್ತಿರದ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ, ಒಲೆಯ ಎದುರಿನ ಗೋಡೆಯ ಮೊಳೆಗೆ ಅದು ನೇತಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅದರ ಅಧಿಕೃತ ವಕ್ತಾರರು ನನ್ನ ಸೋದರಮಾವ!

ಮಾವ ಆ ಹೋಟೆಲಿನ ಮುಖ್ಯ ಅಡುಗೆಯವರು. ಚಹಾಪುಡಿ ವ್ಯಾಪಾರಿಯೊಬ್ಬ ಎಂದೋ ಕೊಟ್ಟ ಕ್ಯಾಲೆಂಡರಿನಲ್ಲಿ ಕೆಳಗೆ ಡಾರ್ಜಿಲಿಂಗಿನ ಚಹಾ ತೋಟ, ಮೇಲೆ ಆ ಶಿಖರ. ತಿಂಗಳ ಹಾಳೆಗಳೆಲ್ಲ ಹರಿದುಹೋಗಿ ವರ್ಷಗಳಾಗಿದ್ದವು. ಒಗ್ಗರಣೆಯ ಹೊಗೆಗೆ ಚಹಾ ತೋಟ ಕಂದು ಬಣ್ಣಕ್ಕೆ ತಿರುಗಿತ್ತು. ಹಿಮವನ್ನು ಮಾತ್ರ ಮಾವ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ ಬೆಳ್ಳಗಿಟ್ಟಿದ್ದರು. ಅವರು ಸ್ವತಃ ಹತ್ತಿದ ಅತಿ ಎತ್ತರದ ಜಾಗವೆಂದರೆ ಮಲಬಾರ್ ಹಿಲ್. ಅಲ್ಲಿಗೂ ಎರಡು ಕಡೆ ಕುಳಿತು ಸುಧಾರಿಸಿಕೊಂಡೇ ಹತ್ತಿದ್ದು!

"ಕಾಂಚನಗಂಗೆ," ಎನ್ನುತ್ತಿದ್ದರು.

"ಗಂಗೆ ಅಲ್ಲ ಮಾವ, ಜುಂಗಾ."

"ನಿಮ್ಮ ಪೇಪರಿನಲ್ಲಿ ಅಚ್ಚಿನ ತಪ್ಪು ಹೊಸತಾ ಮಾರಾಯ?"

ಮಾವನ ಭೂಗೋಳ ಅಡುಗೆಯವರ ಭೂಗೋಳ. ನೇಪಾಳಕ್ಕೂ ಸಿಕ್ಕಿಮಿಗೂ ನಡುವೆ ಇಪ್ಪತ್ತೆಂಟು ಸಾವಿರ ಅಡಿ ಎತ್ತರಕ್ಕೆ ಎದ್ದ ಆ ಪರ್ವತಕ್ಕೆ ಐದು ಶಿಖರ. ಅಲ್ಲಿಯ ಜನ ಅವನ್ನು ಹಿಮದ ಐದು ಭಂಡಾರ ಎಂದು ನಂಬುತ್ತಾರೆ, ಒಂದರಲ್ಲಿ ಉಪ್ಪಿದೆಯಂತೆ ಎಂದು ನಾನು ಕಚೇರಿಯ ಪುಸ್ತಕ ನೋಡಿ ಹೇಳಿದ್ದೆ. ಮಾವನಿಗೆ ಉಳಿದ ನಾಲ್ಕು ಬೇಡವಾದವು. "ನೋಡು! ಉಪ್ಪಿನ ಬೆಲೆ ಗೊತ್ತಿರುವ ಗುಡ್ಡ!" ಅಷ್ಟು ಎತ್ತರದಲ್ಲಿ ನೀರು ಪೂರ್ತಿ ಬಿಸಿಯಾಗುವ ಮೊದಲೇ ಕುದಿಯುತ್ತದೆ ಎಂದಾಗ ಮಾತ್ರ ಅವರ ಮುಖ ಬಾಡಿತು.

"ಹಾಗಾದರೆ ತೊಗರಿಬೇಳೆ?"

"ಬೇಯುವುದಿಲ್ಲ."

ಮಾವ ಸೌಟು ಕೆಳಗಿಟ್ಟರು. ಎರಡು ದಿನ ಯೋಚಿಸಿ, ಮೂರನೆಯ ದಿನ ಪರಿಹಾರ ಸಾರಿದರು: "ಹೆಸರುಬೇಳೆ. ಹಿಂದಿನ ದಿನವೇ ನೆನೆಹಾಕಬೇಕು!"

ನೆನೆಹಾಕಿದ ನೀರೇ ಮಂಜುಗಡ್ಡೆಯಾಗುತ್ತದೆ ಎಂದು ನಾನು ಹೇಳಲಿಲ್ಲ. ಸತ್ಯಕ್ಕೂ ಒಂದು ಮಿತಿ ಬೇಡವೇ?

ಬೇರೆ ವಿಷಯದಲ್ಲಿ ನಾನು ಸಡಿಲ ಬಿಟ್ಟವನಲ್ಲ. ಬೆಳಗಿನ ತಿಂಡಿಗೆ ಹೋದಾಗಲೆಲ್ಲ ಮಾವನದು ಒಂದೇ ಪ್ರಶ್ನೆ: "ಇವತ್ತು ಅಲ್ಲಿ ಗಾಳಿ ಹೇಗುಂಟು?" ನೆಂಟರ ಆರೋಗ್ಯ ವಿಚಾರಿಸುವ ಧಾಟಿ! ನನ್ನದೂ ಒಂದೇ ಉತ್ತರ: "ವರದಿ ಬಂದಿಲ್ಲ ಮಾವ." ದೃಢಪಡದ ಸುದ್ದಿಯನ್ನು ಕೊಡಬಾರದು, ಅದು ನಮ್ಮ ಕಸುಬಿನ ಮೊದಲ ಪಾಠ.

ಘಾಟ್ಕೋಪರದಿಂದ ಬರುತ್ತಿದ್ದ ಧಾರವಾಡ ಕಡೆಯ ರೈಲ್ವೆ ಗುಮಾಸ್ತರೊಬ್ಬರು ಅಡುಗೆಮನೆಯ ಬಾಗಿಲಲ್ಲಿ ಇಣುಕಿ ಕೆಣಕುವರು. "ಏನ್ರೀ ಭಟ್ರ, ನಿಮ್ಮ ಗುಡ್ಡದಾಗ ಥಂಡಿ ಹೆಂಗೈತಿ?"

"ಮಾತು ಬಾಯಲ್ಲೇ ಹೆಪ್ಪುಗಟ್ಟುವಷ್ಟುಂಟು. ನೀವೊಮ್ಮೆ ಹೋಗಿ ಬನ್ನಿ, ನಮಗೆ ಸುಖ!"

ಮಾವನಿಗೆ ಇನ್ನೊಂದು ಕ್ರಮವಿತ್ತು. ಪಾತ್ರೆಯಿಂದ ತೆಗೆದ ಮೊದಲ ಇಡ್ಲಿಯನ್ನು ಬಾಳೆಲೆಯ ತುಂಡಿನ ಮೇಲೆ ಕ್ಯಾಲೆಂಡರಿನ ಕೆಳಗೆ ಇಡುತ್ತಿದ್ದರು. ಯಾರಿಗೆ ಎಂದರೆ "ಮೀಸಲು" ಎನ್ನುವರು. ಯಾರಿಗೆ ಮೀಸಲು ಎಂದರೆ, "ಮೀಸಲಿಗೆ ಯಾರಾದರೂ ವಿಳಾಸ ಬರೀತಾರಾ?"

ಎರಡು ವರ್ಷದ ಹಿಂದೆ, ಜಗತ್ತಿನ ಅತಿ ಎತ್ತರದ ಶಿಖರವನ್ನು ಇಬ್ಬರು ಏರಿದಾಗ ಹೋಟೆಲಿನ ಧಣಿಗಳು ಗಿರಾಕಿಗಳಿಗೆಲ್ಲ ಶಿರಾ ಹಂಚಿಸಿದ್ದರು. ಶಿರಾ ಮಾಡಿದ ಮಾವ ಮಾತ್ರ ಮುಖ ಊದಿಸಿಕೊಂಡಿದ್ದರು. "ತುದಿಯನ್ನೂ ಎಂಜಲು ಮಾಡಿಬಿಟ್ರಾ?" ಈಗ, ಸಾವಿರದ ಒಂಬೈನೂರ ಐವತ್ತೈದರ ಬೇಸಗೆಯಲ್ಲಿ, ಅವರದೇ ಗುಡ್ಡಕ್ಕೆ ಒಂದು ತಂಡ ಹೊರಟಿತ್ತು. ಊರೆಲ್ಲ ಹತ್ತಲಿ ಎನ್ನುತ್ತಿದ್ದರೆ ಮಾವ ಹತ್ತಬಾರದು ಎನ್ನುತ್ತಿದ್ದರು. "ಅದನ್ನು ಮೆಟ್ಟಿದ ದಿನ ಕ್ಯಾಲೆಂಡರ್ ಇಳಿಸ್ತೇನೆ. ನಾನೂ ಊರಿಗೆ ಹೋಗ್ತೇನೆ."

ಧಣಿಗಳು ನಕ್ಕರು. ನಾನು ನಗಲಿಲ್ಲ. ಈ ಊರಿನಲ್ಲಿ ನನ್ನವರೆಂದು ಉಳಿದಿದ್ದವರು ಅವರೊಬ್ಬರೇ.

ಮಳೆ ಇನ್ನೇನು ಬರಬೇಕು ಎನ್ನುವ ದಿನಗಳಲ್ಲಿ ಸುದ್ದಿ ಬಂತು. ನಮ್ಮ ಪತ್ರಿಕೆಯ ತಲೆಬರಹವನ್ನು ಗುಮಾಸ್ತರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಕೂಗಿದರು: "ಹತ್ತೇಬಿಟ್ರು ನೋಡ್ರೀ ಭಟ್ರ!" ಮಾವ ಕೈ ಒರೆಸಿಕೊಂಡು ಕ್ಯಾಲೆಂಡರ್ ಇಳಿಸಿ ಸುರುಳಿ ಸುತ್ತಿದರು. ಅಂದಿನ ಸಾಂಬಾರಿಗೆ ಉಪ್ಪೇ ಬೀಳಲಿಲ್ಲ. ಗುಮಾಸ್ತರು ಅದನ್ನೇ ತೆಪ್ಪಗೆ ತಿಂದು ಎದ್ದರು.

ಆ ಸಂಜೆ ಕಚೇರಿಯಲ್ಲಿ ವಿವರದ ವರದಿ ನನ್ನ ಮೇಜಿಗೇ ಬಂತು. ಎರಡು ಸಲ ಓದಿದೆ. ಬೆಳಿಗ್ಗೆ ಹೋದಾಗ ಮಾವನ ಟ್ರಂಕು ಅಕ್ಕಿ ಮೂಟೆಯ ಪಕ್ಕದಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಬಸ್ಸು ಮಧ್ಯಾಹ್ನಕ್ಕೆ.

"ಮಾವ, ಅವರು ತುದಿ ಮೆಟ್ಟಲಿಲ್ಲ. ಕೆಲವೇ ಅಡಿ ಕೆಳಗೆ ನಿಂತರು."

"ಯಾಕೆ? ಸುಸ್ತಾಯ್ತಾ?"

"ಅಲ್ಲ. ಆ ಜಾಗ ದೇವರದ್ದು, ಕಾಲಿಡಬೇಡಿ ಎಂದು ಅಲ್ಲಿಯವರು ಕೇಳಿದ್ದರಂತೆ. ಇವರು ಮಾತು ಕೊಟ್ಟಿದ್ದರು."

"ದೃಢಪಟ್ಟ ಸುದ್ದಿಯಾ?"

"ಹೌದು ಮಾವ."

ಒಲೆಯ ಮೇಲಿನ ನೀರು ಕುದಿದು ಉಕ್ಕಿತು. ಮಾವನಿಗೆ ಅದರ ಕಡೆ ಗಮನವಿರಲಿಲ್ಲ.

"ಮೀಸಲು ಇಟ್ಟಿದ್ದಾರೆ," ಎಂದರು.

ಟ್ರಂಕಿನಿಂದ ಕ್ಯಾಲೆಂಡರ್ ತೆಗೆದು ಮೊಳೆಗೆ ಸಿಕ್ಕಿಸಿದರು. ಮೊದಲ ಇಡ್ಲಿ ತೆಗೆದು ಅದರ ಕೆಳಗಿಟ್ಟು, ನನ್ನ ಕಡೆ ತಿರುಗದೆ ಹೇಳಿದರು:

"ನಿನ್ನಮ್ಮ ಮದ್ದಿಗೆಂದು ಇಲ್ಲಿಗೆ ಬಂದಿದ್ದಳಲ್ಲ, ಆಗ ಈ ಮಣೆಯ ಮೇಲೆ ಕೂತಿದ್ದಳು. ನೀನು ಕಚೇರಿಗೆ ಹೋಗಿದ್ದೆ. ಮೈ ಕೆಂಡದ ಹಾಗೆ ಸುಡ್ತಿತ್ತು. ಈ ಚಿತ್ರವನ್ನೇ ನೋಡುತ್ತಾ, 'ಅಣ್ಣ, ಅಲ್ಲಿ ಹೋಗಿ ಮಲಗಿದರೆ ಎಷ್ಟು ತಂಪಿರಬಹುದಲ್ಲಾ' ಎಂದಳು. ಮತ್ತೆ ಎಂಟು ದಿನ ಇದ್ದಳು, ಅಷ್ಟೇ. ಅವಳು ಅಲ್ಲಿಗೇ ಹೋಗಿದ್ದಾಳೆ ಅಂತ ನಾನು ಮನಸ್ಸಲ್ಲಿ ಇಟ್ಟುಕೊಂಡಿದ್ದೇನೆ. ಮಲಗಿದವರ ಮೇಲೆ ಯಾರಾದರೂ ಬೂಟು ಹಾಕಿ ನಡೀತಾರಾ?"

ಮಾವ ಸೆರಗಿನ ಹಾಗೆ ಹೆಗಲ ಮೇಲಿದ್ದ ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಎಂದಿನ ಪ್ರಶ್ನೆ ಕೇಳಿದರು:

"ಇವತ್ತು ಅಲ್ಲಿ ಗಾಳಿ ಹೇಗುಂಟು?"

ವರದಿ ಬಂದಿರಲಿಲ್ಲ.

"ಗಾಳಿ ನಿಂತಿದೆ ಮಾವ," ಎಂದೆ. "ಎಳೆ ಬಿಸಿಲು. ತಂಪಾಗಿಯೇ ಉಂಟು."