ಎರಡು ಡಿಸ್ಕು, ಒಂದು ದಸ್ತರಖಾನ

ಮನೆಯಲ್ಲಿ ಯಾರಿಗೂ ಕಂಪ್ಯೂಟರ್ ಗೊತ್ತಿರಬಾರದು. ಅರ್ಧಂಬರ್ಧ ಗೊತ್ತಿರುವವನಂತೂ ಇರಲೇಬಾರದು. ನಮ್ಮ ಮನೆಯಲ್ಲಿ ಅವನು ನಾನೇ, ಬೀದರಿನ ಶಾಲೆಯೊಂದರ ವಿಜ್ಞಾನದ ಮಾಸ್ತರ. ಔರಾದಿನ ಮದುವೆ, ಭಾಲ್ಕಿಯ ತೊಟ್ಟಿಲು ಎಂದು ಫೋಟೋ, ಹಾಡುಗಳೆಲ್ಲ ಪೆನ್‌ಡ್ರೈವುಗಳಲ್ಲಿ ಸುಖವಾಗಿದ್ದವು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಎಲ್ಲವನ್ನೂ ಹಳೆಯ ಕಂಪ್ಯೂಟರೊಂದಕ್ಕೆ ತುಂಬಿ ಅದಕ್ಕೆ ಸರ್ವರ್ ಎಂದು ನಾಮಕರಣ ಮಾಡಿದೆ. ಪೆನ್‌ಡ್ರೈವುಗಳನ್ನು ಒರೆಸಿ ಹಂಚಿಯೂ ಬಿಟ್ಟೆ. ಹಳೆಯ, ನಿಧಾನದ ಡಿಸ್ಕಿನಲ್ಲಿ 'ಮನೆ' ಎಂಬ ಫೋಲ್ಡರು. ಅದರೊಳಗೆ ಕಾಣುವ 'ಹಾಡು' ಫೋಲ್ಡರು ಮಾತ್ರ ಬೇರೊಂದು ಚುರುಕು ಡಿಸ್ಕಿನಲ್ಲಿ. ಹೀಗೇಕೆ ಎಂದು ಹೆಂಡತಿ ಸುಗುಣಾ ಕೇಳಿದಾಗ ಅರ್ಧ ಗಂಟೆ ವಿವರಿಸಿದೆ. ಆಕೆ ಮತ್ತೆಂದೂ ಕೇಳಲಿಲ್ಲ.

ಆ 'ಹಾಡು' ಫೋಲ್ಡರಿನಲ್ಲಿ ಮಾವನವರಿದ್ದರು. ಭಾತಂಬ್ರಾದ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿ ಎಲ್ಲರಿಂದ ಹಾಡಿಸುತ್ತಿದ್ದ ಅವರ ದನಿ ಉಳಿದದ್ದು ಅದೊಂದೇ ರೆಕಾರ್ಡಿಂಗಿನಲ್ಲಿ. ಅವರು ತೀರಿಕೊಂಡು ವರ್ಷ ತುಂಬಿದ ಪ್ರಾರ್ಥನೆಗೆಂದು ಅತ್ತೆ ನಮ್ಮಲ್ಲಿಗೆ ಬಂದಿದ್ದರು. "ಊಟಕ್ಕ ಕೂಡೂದ್ರಾಗ ಅವರ ಹಾಡು ಹಚ್ರಿ ಅಳಿಯಾರ" ಎಂದರು. ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು. ತೆರೆದು ನೋಡಿದರೆ ಫೋಲ್ಡರು ಖಾಲಿ! "ಹಚ್ತೇನಿ ಅತ್ತಿ, ಒಂದ್ ನಿಮಿಷರಿ" ಎಂದು ಹೊರಗೆ ಬಂದೆ. ಆ ಮುದುಕಿಗೆ ಏನೆಂದು ಹೇಳಲಿ?

ಅಷ್ಟರಲ್ಲಿ ಪಕ್ಕದ ಮನೆಯ ಮುನೀರಾ ಆಪಾ ನಮ್ಮ ಪ್ರಾರ್ಥನೆಯ ಊಟಕ್ಕೆಂದು ಬಿರಿಯಾನಿ ತಂದರು. ಜೊತೆಗೆ ಅವರ ಮನೆಯ ದಸ್ತರಖಾನ, ಅಂದರೆ ಊಟಕ್ಕೆ ನೆಲದ ಮೇಲೆ ಹಾಸುವ ಉದ್ದನೆಯ ಬಟ್ಟೆ. ಹಾಸುವ ಕೆಲಸ ನನ್ನ ಪಾಲಿಗೆ ಬಂತು. ತಲೆಯೆಲ್ಲ ಆ ಖಾಲಿ ಫೋಲ್ಡರಿನಲ್ಲಿ. ತಾಟುಗಳನ್ನು ಸಾಲಾಗಿ ಇಟ್ಟೆ. ಆಮೇಲೆ ಅವುಗಳ ಮೇಲೆ ದಸ್ತರಖಾನ ಹಾಸಿ, ನೀಟಾಗಿ ಸುಕ್ಕು ತೆಗೆದೆ.

ಸುಗುಣಾ ಬಂದು ನೋಡಿದಳು. "ರೀ, ತಾಟ್ ಎಲ್ಲಿ?"

"ಈಗರೆ ಇಟ್ಟೀನಲ್ಲ!"

ಆಪಾ ಬಾಯಿಗೆ ಸೆರಗು ಹಿಡಿದರು. "ಎಲ್ಲೂ ಹೋಗಿಲ್ಲರಿ ಸರ್, ಬಟ್ಟಿ ಬುಡಕ ಅದಾವ."

ನಾನು ತಾಟು ಬಿಟ್ಟು ಸರ್ವರಿನತ್ತ ಓಡಿದೆ. ಆಗಿದ್ದೂ ಅದೇ. ಕರೆಂಟು ಬಂದಾಗ ಚುರುಕು ಡಿಸ್ಕು ಮೊದಲೆದ್ದು 'ಹಾಡು' ಇಟ್ಟಿದೆ. ಹಳೆಯದು ಆಕಳಿಸುತ್ತ ಎದ್ದು ಅದರ ಮೇಲೆಯೇ ಇಡೀ 'ಮನೆ'ಯನ್ನು ಹಾಸಿದೆ. ಎರಡನ್ನೂ ತೆಗೆದು, ಮೊದಲು 'ಮನೆ', ಆಮೇಲೆ 'ಹಾಡು' ಎಂದು ಸರದಿಯಲ್ಲಿ ಜೋಡಿಸಿದೆ. ಇನ್ನು ಮೇಲೆ 'ಮನೆ' ಬರುವ ತನಕ 'ಹಾಡು' ಕಾಯಬೇಕೆಂದು ಕಟ್ಟಪ್ಪಣೆಯನ್ನೂ ಹಾಕಿದೆ. ರೆಕಾರ್ಡಿಂಗ್ ಕಣ್ಣಿಗೆ ಬಿತ್ತು. ದೇವರಿಗೆ, ಆಪಾಗೆ, ಆ ತಾಟುಗಳಿಗೂ ಮನಸಾರೆ ಕೈಮುಗಿದೆ.

ಎಲ್ಲರೂ ಕೂತ ಮೇಲೆ ಹಚ್ಚಿದೆ. ಹಾಡಿಗಿಂತ ಮೊದಲು ಮಾವನವರ ಗದರಿಕೆ ಕೇಳಿಸಿತು. ರೆಕಾರ್ಡ್ ಮಾಡಿದ ದಿನ ಅವರ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ತಂದು ಬರಿ ನೆಲಕ್ಕೆ ಇಟ್ಟವನು ನಾನೇ. "ಪೆಟ್ಟಿಗಿ ಎತ್ರಿ ಅಳಿಯಾರ! ಮೊದಲ ಚಾಪಿ ಹಾಸ್ರಿ, ಆಮ್ಯಾಲ ಪೆಟ್ಟಿಗಿ ಇಡ್ರಿ!"

ಅತ್ತೆ ನಗುತ್ತಲೇ ಕಣ್ಣೊರೆಸಿಕೊಂಡರು. "ಅವರು ಆವಾಗೇ ಹೇಳ್ಯಾರ ನೋಡ್ರಿ."

ಆ ಗದರಿಕೆಯನ್ನು ಕತ್ತರಿಸಿ ಬರೀ ಹಾಡು ಉಳಿಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಪುಣ್ಯಕ್ಕೆ, ನನಗೆ ಅದು ಹೇಗೆಂದು ಇನ್ನೂ ಗೊತ್ತಾಗಿರಲಿಲ್ಲ.