ಪುಶ್‌ಗೆ ಒಂದೇ ಚೌಕ

ದುಬೈಯಲ್ಲಿ ಯಾರೂ ಯಾವ ಬಾಗಿಲನ್ನೂ ದೂಡಬೇಕಾಗಿಲ್ಲ ಎಂದು ಬಾಲ್ಯದಲ್ಲಿ ಕೇಳಿದ ಮಾತಿನ ಮೇಲೆ ನನಗೆ ಆಗಲೇ ಅನುಮಾನವಿತ್ತು. ರಜೆಯಲ್ಲಿ ಉಡುಪಿಗೆ ಬರುತ್ತಿದ್ದ ಚಿಕ್ಕಪ್ಪ, ಅಲ್ಲಿ ಬಾಗಿಲ ಮುಂದೆ ಸುಮ್ಮನೆ ನಿಂತರೆ ಸಾಕು, ಅದೇ ಸರಿದು ದಾರಿ ಬಿಡುತ್ತದೆ ಎನ್ನುತ್ತಿದ್ದರು. ಕರೆಂಟು ಹೋದರೆ ಏನು ಮಾಡುತ್ತಾರೆ ಎಂದು ಕೇಳಿದೆ. ದುಬೈಯಲ್ಲಿ ಕರೆಂಟು ಹೋಗುವುದಿಲ್ಲ ಎಂಬ ಉತ್ತರ ಬಂತು. ಆ ಸಲ ನನ್ನ ಪಾಲಿನ ಚಾಕಲೇಟು ಮಾತ್ರ ಉಳಿದ ಮಕ್ಕಳಿಗಿಂತ ಒಂದು ಕಡಿಮೆ ಇತ್ತು.

ಎರಡು ಸಾವಿರದ ಹತ್ತರ ನಂತರದ ವರ್ಷಗಳಲ್ಲಿ ನಾನೇ ದುಬೈಗೆ ಬಂದು, ಅಲ್ ಬರ್ಷಾದ ಅನುವಾದ ಕಚೇರಿಯೊಂದನ್ನು ಸೇರಿದೆ. ಮೊದಲ ದಿನವೇ ಅದರ ಗಾಜಿನ ಬಾಗಿಲಿಗೆ ಭುಜ ಕೊಡಬೇಕಾಯಿತು. ಎಂಟು ಭಾಷೆಯವರು ಒಂದೇ ಚಹಾ ಯಂತ್ರವನ್ನು ಹಂಚಿಕೊಳ್ಳುವ ಜಾಗದಲ್ಲಿ ನಗುವ ಸಂದರ್ಭಗಳನ್ನು ಯಾರೂ ಹುಡುಕಬೇಕಾಗಿಲ್ಲ; ಅವು ದಿನಾ ಬೆಳಿಗ್ಗೆ ನಮಗಿಂತ ಮೊದಲೇ ಬಂದು ಕುಳಿತಿರುತ್ತವೆ. ಇಲ್ಲಿ ಬರೆಯುತ್ತಿರುವುದು ‘ಪುಶ್’ ಎಂಬ ಒಂದೇ ಇಂಗ್ಲಿಷ್ ಪದ ತಂದ ಸಂದರ್ಭಗಳನ್ನು.

ಚೌಕ

ನಮ್ಮ ಮ್ಯಾನೇಜರು ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದೆವು. ಅವರು ಮಾಡಿದ್ದ ಒಂದು ನಿಯಮವನ್ನು ಮುರಿಯುವಂತಿರಲಿಲ್ಲ: ಪದಪಟ್ಟಿಯಲ್ಲಿ ಒಂದು ಇಂಗ್ಲಿಷ್ ಪದದ ಎದುರಿಗೆ ಒಂದೇ ಚೌಕ, ಚೌಕದಲ್ಲಿ ಒಂದೇ ಪದ. ಒಮ್ಮೆ ತುಂಬಿದರೆ ಮುಗಿಯಿತು. ಯಂತ್ರದ ಕೈಪಿಡಿಯಿರಲಿ, ಬಾಗಿಲ ಫಲಕವಿರಲಿ, ಅದನ್ನೇ ಬಳಸಬೇಕು. ಅನುವಾದವನ್ನು ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ ಸಹಿ ಹಾಕುವುದು ನನ್ನ ಕೆಲಸ. ನನ್ನ ಸಹಿಯಿಲ್ಲದೆ ಕಾಗದ ಹೊರಗೆ ಹೋಗುತ್ತಿರಲಿಲ್ಲ.

ಟರ್ಕಿಶ್ ಭಾಷೆಗೆಂದು ಹೊಸದಾಗಿ ಸೇರಿದ ಹುಡುಗಿಗೆ ಆರು ತಿಂಗಳ ಪರೀಕ್ಷಾವಧಿ. ಅಷ್ಟರಲ್ಲಿ ಭಾಯಿ ಒಪ್ಪದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಅವಳು ಊರಿಗೆ. ನನ್ನನ್ನು ಅವಳು ‘ಅಬ್ಲಾ’ ಎಂದು ಕರೆಯುತ್ತಿದ್ದಳು. ಅವರಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ. ‘ಪುಶ್’ ಸಾಲಿಗೆ ಬಂದಾಗ ಅವಳು ಕೈ ನಿಲ್ಲಿಸಿ, ಯಾರು, ಯಾವುದನ್ನು, ಏತಕ್ಕೆ ಎಂದು ಕೇಳಿದಳು. ಬಾಗಿಲಾದರೆ ‘ಇತ್ಮೆಕ್’, ಗುಂಡಿಯಾದರೆ ‘ಬಸ್ಮಾಕ್’, ಮೊಣಕೈಯಿಂದ ತಿವಿದರೆ ‘ದ್ಯುರ್ತ್ಮೆಕ್’, ಮನುಷ್ಯನನ್ನು ಒಂದು ಕೆಲಸಕ್ಕೆ ಒತ್ತಾಯಿಸಿದರೆ ‘ಜೋರ್ಲಾಮಾಕ್’. ಇನ್ನೂ ಇವೆ ಎಂದಳು.

ಭಾಯಿ ನನ್ನನ್ನು ಪಕ್ಕಕ್ಕೆ ಕರೆದರು. “ಒಂದು ಕೇಳಿದ್ರೆ ನಾಲ್ಕು ಹೇಳ್ತಾಳೆ ಮೇಡಂ. ಭಾಷೆ ಸರಿ ಬರುದಿಲ್ಲ ಅಂತ ಕಾಣ್ತದೆ.”

ಬಾಗಿಲನ್ನು ನೀವು ಏನು ಮಾಡುತ್ತೀರಿ ಎಂದು ಕೇಳಿದೆ. ದೂಡುವುದು ಎಂದರು. ಕರೆಗಂಟೆಯನ್ನು? ಒತ್ತುವುದು. ಬಸ್ಸಿನಲ್ಲಿ ಹಿಂದೆ ನಿಂತವನು ನಿಮ್ಮನ್ನು? ನೂಕುವುದು. ಜಗಳದಲ್ಲಿ? ದಬ್ಬುವುದು. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಒಂದೇ ಪದ ಸಾಕಾಗುತ್ತದೆ ಎಂದೆ.

ಭಾಯಿ ನಾಲ್ಕನ್ನೂ ಬೆರಳಲ್ಲಿ ಎಣಿಸಿ ನೋಡಿದರು. “ಅದು ಹೌದು. ಆದ್ರೆ ನಾವು ಕನ್ನಡದವರು, ನಮಗೆ ಅಭ್ಯಾಸ ಉಂಟು.”

ಚೌಕದಲ್ಲಿ ‘ಇತ್ಮೆಕ್’ ಕುಳಿತಿತು.

ಮೂರನೆಯ ಮಹಡಿ

ಕಣ್ಣಿಗೆ ಕಾಣದ ಕ್ರಿಯಾಪದಕ್ಕೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ನಿಘಂಟುಗಳು ಒಂದನ್ನೊಂದು ನೋಡಿ ಬರೆದುಕೊಂಡಿರುತ್ತವೆ ಎಂಬ ಸಂಶಯ ಕಾಲೇಜಿನಿಂದಲೂ ನನ್ನಲ್ಲಿದೆ. ಆದ್ದರಿಂದ ಅವಳಿಗೆ, ಒಂದೊಂದನ್ನೂ ಮಾಡಿ ತೋರಿಸು ಎಂದೆ. ಒಳಗೆ ಜಾಗವಿಲ್ಲದೆ ಕಾರಿಡಾರಿಗೆ ಹೋದೆವು.

ಮೊದಲು ಅವಳು ಎರಡೂ ಅಂಗೈಗಳಿಂದ ನನ್ನನ್ನು ಮೆಲ್ಲನೆ ದೂಡಿದಳು. ನಾನು ಬರೆದುಕೊಂಡೆ. ಆಮೇಲೆ ಮೊಣಕೈಯಿಂದ ತಿವಿದಳು. ಅದನ್ನೂ ಬರೆದುಕೊಂಡೆ. ಗುಂಪಿನಲ್ಲಿ ತಳ್ಳಾಡುವುದಕ್ಕೆ ಬೇರೆಯೇ ಜೋಡಿಪದವಿದೆ ಎಂದು ಹೇಳಿ ಭುಜದಿಂದ ಗುದ್ದಿದಾಗ ನಾನು ಗೋಡೆಗೆ ತಾಗಿದೆ. ಇಷ್ಟು ಬಲ ಬೇಕೇ ಎಂದು ಖಚಿತಪಡಿಸಿಕೊಳ್ಳಲು, ಅಷ್ಟೇ ಬಲದಿಂದ ನಾನೂ ತಿರುಗಿ ಗುದ್ದಿ ನೋಡಿದೆ. ಅವಳು ಮೆಚ್ಚಿ ತಲೆಯಾಡಿಸಿದಳು.

ಎದುರಿನ ಟೈಪಿಂಗ್ ಸೆಂಟರಿನವರು ಫೋನು ಮಾಡಿರಬೇಕು. ಕಟ್ಟಡದ ವಾಚ್‌ಮನ್ ಏದುಸಿರು ಬಿಡುತ್ತಾ ಬಂದು ನಮ್ಮಿಬ್ಬರ ನಡುವೆ ಕೈ ಚಾಚಿ ನಿಂತ. ಜಗಳವಲ್ಲ, ಕಚೇರಿಯ ಕೆಲಸ ಎಂದು ನಾನು ವಿವರಿಸಿದೆ. ನನ್ನ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನೂ ತೋರಿಸಿದೆ. ಅವನು ಗೌರವದಿಂದ ಕೇಳಿಸಿಕೊಂಡು ಕೆಳಗೆ ಹೋದ. ಸಂಜೆ ಹೊರಡುವಾಗ ಅವನ ದಾಖಲೆ ಪುಸ್ತಕ ತೆರೆದಿತ್ತು. ಅದರಲ್ಲಿ ಬರೆದಿತ್ತು: “ಮೂರನೆಯ ಮಹಡಿ. ಇಬ್ಬರು ಮಹಿಳೆಯರು ಹೊಡೆದಾಡಿದರು. ಕಾರಣ: ಕಚೇರಿಯ ಕೆಲಸ.”

ಮರಳಿನ ಪಾರ್ಕಿಂಗ್

ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಆಸ್ಪತ್ರೆ ನಮಗೆ ಹೊಸ ಗಿರಾಕಿಯಾಯಿತು. ಅವರನ್ನು ಕಾಣಲು ಭಾಯಿಯ ಕಾರಿನಲ್ಲಿ ನಾವು ಮೂವರೂ ಹೋದೆವು. ಜಾಗ ಸಿಗದೆ ಭಾಯಿ ಮರಳಿನ ಖಾಲಿ ನಿವೇಶನವೊಂದರಲ್ಲಿ ಕಾರು ನಿಲ್ಲಿಸಿದರು. ಮಾತುಕತೆ ಮುಗಿಸಿ ಬಂದು ನೋಡಿದರೆ ಹಿಂದಿನ ಚಕ್ರ ಹೂತಿತ್ತು.

ಭಾಯಿ ಚಾಲಕನ ಜಾಗದಲ್ಲಿ ಕುಳಿತರು. ನಾವಿಬ್ಬರು ಹಿಂದೆ ನಿಂತು ದೂಡಿದೆವು. ಕಾರು ಕದಲಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು, ಇಬ್ಬರು, ಹೀಗೆ ಏಳು ಮಂದಿ ಸೇರಿದರು. ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಒಂದು ಎರಡು ಮೂರು ಎಣಿಸಿದ್ದರಿಂದ ಒಬ್ಬರ ಮೂರಕ್ಕೆ ಇನ್ನೊಬ್ಬರ ಮೂರು ಕೂಡಲಿಲ್ಲ. ಭಾಯಿ ಕಿಟಕಿಯಿಂದ ತಲೆ ಹೊರಹಾಕಿ, ಬೇಗ ಬೇಗ ಎನ್ನಲು ಅರಬ್ಬಿಯಲ್ಲಿ ಯಲ್ಲಾ ಯಲ್ಲಾ ಎನ್ನುತ್ತಲೇ ಇದ್ದರು. ಕೊನೆಗೆ ಒಬ್ಬ ಪಠಾಣ್ ಟ್ಯಾಕ್ಸಿ ಚಾಲಕ, ಏನನ್ನೂ ದೂಡದೆ ಕಿಟಕಿಯೊಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಇಳಿಸಿದ. ಕಾರು ಸಲೀಸಾಗಿ ಮುಂದೆ ಹೋಯಿತು.

ನೀವು ದೂಡುವಾಗ ಕಾರು ಎಲ್ಲಿಯಾದರೂ ಓಡಿಬಿಟ್ಟರೆ ಎಂದು ಹಾಕಿದ್ದೆ, ಎಂದರು ಭಾಯಿ.

ಹುಡುಗಿ ಅಂಗೈಯ ಮರಳು ಕೊಡವಿಕೊಂಡಳು. “ಅಬ್ಲಾ, ಈ ಬಗೆಯ ದೂಡಾಟಕ್ಕೆ ನಮ್ಮಲ್ಲಿ ಪದ ಇಲ್ಲ.”

ಎರಡನೆಯ ಚೌಕ

ಆಸ್ಪತ್ರೆ ಕೇಳಿದ್ದು ಹೆರಿಗೆ ಕೋಣೆಗೆ ಒಂದು ಕಾರ್ಡು. ನರ್ಸ್‌ಗಳು ಹೇಳುವ ಮೂವತ್ತು ಇಂಗ್ಲಿಷ್ ಮಾತುಗಳು ಟರ್ಕಿಶ್‌ನಲ್ಲಿ ಬೇಕಿದ್ದವು. ಅವುಗಳಲ್ಲಿ ಹನ್ನೊಂದನೆಯದು ‘ಪುಶ್’. ಭಾಯಿ ಪದಪಟ್ಟಿಯನ್ನು ತೋರಿಸಿ, ‘ಇತ್ಮೆಕ್’ ಹಾಕಿ ಎಂದರು. ಹುಡುಗಿ ಒಪ್ಪಲಿಲ್ಲ. ಅದು ಬಾಗಿಲು ದೂಡುವ ಮಾತು, ಹೆರುವವಳಿಗೆ ಹೇಳುವುದು ‘ಇಕಿನ್ಮಾಕ್’ ಎಂದಳು. ನಿಯಮ ಪಾಲಿಸಲು ಬಾರದವಳು ಈ ತಿಂಗಳ ಕೊನೆಗೆ ಖಲಾಸ್ ಎಂದರು ಭಾಯಿ. ಅವಳ ಕಣ್ಣು ತುಂಬಿತು, ಆದರೆ ಕೀಲಿಮಣೆಯ ಮೇಲಿನ ಕೈ ಅಲ್ಲಾಡಲಿಲ್ಲ. ಹಾಗಿದ್ದರೆ ಸಹಿ ಹಾಕುವುದಿಲ್ಲ ಎಂದು ನಾನು ಪೆನ್ನು ಮುಚ್ಚಿಟ್ಟೆ.

ನಾವಿಬ್ಬರೂ ಒಂದಾಗಿದ್ದೇವೆಂದು ಭಾಯಿಗೆ ಬೇಸರವಾಯಿತು. ನ್ಯಾಯ ಕೇಳಲು ಅವರು ಅಲ್ ನಹ್ದಾದ ತಮ್ಮ ಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು. ಅವರ ಪತ್ನಿ ನಾಲ್ಕು ಮಕ್ಕಳ ತಾಯಿ. ಹೆರಿಗೆಯಲ್ಲಿ ನರ್ಸ್ ನಿನಗೆ ಏನು ಹೇಳಿದಳು, ದೂಡು ಅಂತಲೇ ಅಲ್ಲವೇ ಎಂದು ಭಾಯಿ ಕೇಳಿದರು.

ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.

“ನಾಲ್ಕು ಸಲ ಹೆತ್ತೆ,” ಎಂದಿತು ಫೋನು. “ನಾಲ್ಕು ಸಲವೂ ನೀವು ದೇರಾದಲ್ಲಿ ಕೆಲಸ ಅಂತ ಇದ್ರಿ. ಈಗ ಎಂತ ಕೇಳುದು? ಆ ಹುಡುಗಿ ಹೇಳಿದ್ದನ್ನು ಬರೀರಿ.”

ಕಚೇರಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಪದದ ಎದುರಿಗೆ ಎರಡನೆಯ ಚೌಕ ಬಂತು. ಒಂದೇ ಒಂದು ದೂರು ಬಂದರೂ ಹುಡುಗಿ ಹೊರಡಬೇಕು ಎಂಬ ಷರತ್ತಿನೊಂದಿಗೆ.

ಹೆರಿಗೆ ಕೋಣೆ

ದೂರು ಬರಲಿಲ್ಲ. ಬಂದದ್ದು ಹೊಗಳಿಕೆ. ಪರೀಕ್ಷಾವಧಿ ಮುಗಿಯಲು ಇನ್ನು ಹತ್ತು ದಿನ ಉಳಿದಿರುವಾಗ ಭಾಯಿ ಆಸ್ಪತ್ರೆಯಿಂದ ಸುದ್ದಿ ತಂದರು: ಟರ್ಕಿಯ ಹೆಂಗಸೊಬ್ಬಳು ದಾಖಲಾದಳು, ನರ್ಸ್ ಕಾರ್ಡು ಹಿಡಿದು ನಮ್ಮ ಪದ ಓದಿದಳು, ಕಾಲು ಗಂಟೆಯೊಳಗೆ ಮಗು. ಅದೇ ಮಧ್ಯಾಹ್ನ ಅವರು ಹುಡುಗಿಯ ಕಾಯಂ ಪತ್ರಕ್ಕೆ ಸಹಿ ಹಾಕಿದರು. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು.

ಮುಂದಿನ ವಾರ ಕಥೆಯಲ್ಲಿ ಅದು ಐದು ನಿಮಿಷವಾಗಿತ್ತು. ಅದರ ಮುಂದಿನ ವಾರ ಅವಳಿಗಳು. ಹೊಸ ಗಿರಾಕಿಗಳಿಗೆ ಭಾಯಿ ಇದನ್ನು ಹೇಳುವಾಗ, ಎರಡನೆಯ ಚೌಕ ತಮ್ಮದೇ ಆಲೋಚನೆ ಎಂದು ಸೇರಿಸುತ್ತಿದ್ದರು. ಕಾರ್ಡಿನ ಆ ಕಥೆಯ ಬಗ್ಗೆ ನನಗೆ ಒಳಗೊಳಗೇ ಸಂಶಯವಿತ್ತು. ಆದರೆ ಹುಡುಗಿಯ ಪಾಸ್‌ಪೋರ್ಟಿನಲ್ಲಿ ವೀಸಾ ಅಂಟುವ ತನಕ ಅದನ್ನು ಯಾರ ಮುಂದೆಯೂ ತೆರೆಯಲಿಲ್ಲ.

ವೀಸಾ ಅಂಟಿತು. ಒಂದು ಶನಿವಾರ ನಾನೊಬ್ಬಳೇ ಬಸ್ಸಿನಲ್ಲಿ ಅಬುಧಾಬಿಗೆ ಹೋದೆ. ಹೆರಿಗೆ ವಿಭಾಗದ ಹಿರಿಯ ನರ್ಸ್ ಕೇರಳದವರು. ಕಾರ್ಡಿನ ಬಗ್ಗೆ ಕೇಳಿದೆ. ಅವರು ಮೂರು ಡ್ರಾಯರ್ ಹುಡುಕಿ ತೆಗೆದುಕೊಟ್ಟರು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ.

ಆ ಟರ್ಕಿಯ ತಾಯಿ? ಬಂದಿದ್ದಳು, ಕಾಲು ಗಂಟೆಯಲ್ಲಿ ಹೆತ್ತದ್ದೂ ನಿಜ, ಅದು ಅವಳ ಮೂರನೆಯ ಹೆರಿಗೆ ಎಂದರು. ಹಾಗಾದರೆ ಅವಳಿಗೆ ಏನೆಂದು ಹೇಳಿದಿರಿ ಎಂದು ಕೇಳಿದೆ.

“‘ಮುಕ್ಕು’ ಅಂದೆ,” ಎಂದರು. ಮಲಯಾಳದಲ್ಲಿ ತಿಣುಕು ಎನ್ನುವುದಕ್ಕೆ ಹಾಗೆನ್ನುತ್ತಾರೆ. “ಟರ್ಕಿಯವರಿಗೂ ಅದೇ, ರಷ್ಯಾದವರಿಗೂ ಅದೇ, ಫಿಲಿಪ್ಪೀನ್ಸಿನವರಿಗೂ ಅದೇ. ಒಂಬತ್ತು ವರ್ಷ ಆಯ್ತು. ಇದುವರೆಗೆ ಒಬ್ಬಳೂ ಅರ್ಥ ಕೇಳಿಲ್ಲ.”