ಮಾವನನ್ನು ಗುಡ್ಡ ಹತ್ತಿಸಿದ್ದು

ಡೆಲ್ಬರ್ಟ್ ಪ್ರುಯಿಟ್ ತನ್ನ ಹಳೆಯ ಪಿಕಪ್ಪನ್ನೂ ಪ್ರಾಣದಂತಿದ್ದ ಮೀನುದೋಣಿಯನ್ನೂ ಮಾರಿ ಹತ್ತು ಗೇರಿನ ಹೊಸ ಪಿಕಪ್ ಕೊಂಡದ್ದು ಷೋಕಿಗಲ್ಲ, ಮಾವನನ್ನು ಸಾಗಹಾಕುವುದಕ್ಕೆ.

ಮಾವ ಹೋಬರ್ಟ್ ಜೀವಮಾನವೆಲ್ಲ ಲಾರಿ ಓಡಿಸಿ ನಿವೃತ್ತನಾದವನು. ಈಸ್ಟರ್ ಹಬ್ಬಕ್ಕೆಂದು ತನ್ನ ಚಕ್ರದ ಮನೆಯನ್ನು ಯಾರದೋ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದವನು ಮಗಳು, ಅಂದರೆ ಡೆಲ್ಬರ್ಟನ ಹೆಂಡತಿ ವಾಂಡಾಳ ಅಂಗಳದಲ್ಲೇ ಬೇರು ಬಿಟ್ಟಿದ್ದ. ದಿನಾ ಬೆಳಗಾಗುವ ಮೊದಲೇ ಎದ್ದು ಬಿಸಿನೀರೆಲ್ಲ ಖಾಲಿ ಮಾಡುತ್ತಿದ್ದ. ಆಮೇಲೆ ಅಳಿಯ ಮಾಡಿದ ಗ್ರೇವಿಯಲ್ಲಿ ಗಂಟು ಹುಡುಕುತ್ತಿದ್ದ. ಗುಡ್ಡದ ಮೇಲಿರುವ ಕಿರಿಮಗಳು ಜೋಲೀನಳ ಮನೆಗೆ ಹೋಗಲು ಅವನದೇನೂ ತಕರಾರಿರಲಿಲ್ಲ. "ನಿನ್ನ ಆರು ಗೇರಿನ ಗಾಡಿ ಆ ಏರು ಹತ್ತಲ್ಲ ಕಣಯ್ಯ, ನಡುದಾರೀಲೇ ಮಲಗುತ್ತೆ. ಹತ್ತೋ ಗಾಡಿ ತಾ, ಮಾರನೇ ದಿನಾನೇ ಹೊರಡ್ತೀನಿ," ಎಂದುಬಿಟ್ಟಿದ್ದ.

ಶನಿವಾರ ಬೆಳಿಗ್ಗೆ ಡೆಲ್ಬರ್ಟ್ ಚಕ್ರದ ಮನೆಯನ್ನು ಪಿಕಪ್ಪಿಗೆ ಸಿಕ್ಕಿಸುತ್ತಿರುವಾಗ ನೆರೆಮನೆಯ ಫ್ಲಾಯ್ಡ್ ಬೇಲಿಗೆ ಒರಗಿ ನಿಂತ.

"ಹತ್ತು ಗೇರ್ ಯಾಕಪ್ಪಾ? ನಮ್ಮಪ್ಪ ಮೂರೇ ಗೇರಲ್ಲಿ ಇಡೀ ಕೊಟ್ಟಿಗೆ ಎಳೆದಿದ್ದ."

"ಏಣಿ ಮೆಟ್ಲು ಹತ್ತಿರ ಹತ್ತಿರ ಇದ್ರೆ ಮಂಡಿನೋವಿರೋನೂ ಹತ್ತಬಹುದು, ಫ್ಲಾಯ್ಡ್. ಆರು ಗೇರು ಅಂದ್ರೆ ದೂರ ದೂರದ ಮೆಟ್ಲು. ಗೇರು ಬದಲಾದಾಗೆಲ್ಲ ಎಂಜಿನ್ನು ದಮ್ಮು ಕಳ್ಕೊಳ್ಳುತ್ತೆ."

"ಗಾಡಿ ಮಾರಿದೋನು ಹೇಳಿದ್ನಾ?"

ಅವನೇ ಹೇಳಿದ್ದ. ಡೆಲ್ಬರ್ಟ್ ಗಾಡಿ ಹತ್ತಿದ. ಮಾವ ಲೋಟದ ತುಂಬ ಕಾಫಿ ಹಿಡಿದು ಪಕ್ಕದಲ್ಲಿ ಕೂತ.

ಹೊರಟ ರಭಸಕ್ಕೆ ಹಿಂದೆ ಏನೋ ಕಿತ್ತುಬಂದ ಸದ್ದಾಯಿತು. ಚಕ್ರದ ಮನೆಗೆ ಕೊಟ್ಟಿದ್ದ ಕರೆಂಟಿನ ತಂತಿ ಬಿಚ್ಚುವುದನ್ನೇ ಡೆಲ್ಬರ್ಟ್ ಮರೆತಿದ್ದ. ಜಗಲಿಯ ಗೋಡೆಯ ಸ್ವಿಚ್ ಪೆಟ್ಟಿಗೆ ಅಂಗಳದುದ್ದಕ್ಕೂ ಹಿಂಬಾಲಿಸುತ್ತಿತ್ತು. ಬಾಗಿಲಲ್ಲಿದ್ದ ವಾಂಡಾ, "ನಿಲ್ಲಿಸ್ಬೇಡ ಡೆಲ್ಬರ್ಟ್, ಹೋಗ್ತಾ ಇರು," ಎಂದು ಎರಡೂ ಕೈ ಬೀಸಿದಳು.

ಏರು ಶುರುವಾದದ್ದೇ ತಡ, ಗಾಡಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೇರು ತಂತಾನೇ ಆರಕ್ಕೆ ಹಾರಿತು, ನಾಲ್ಕಕ್ಕೆ ಇಳಿಯಿತು, ಐದರಲ್ಲಿ ಕೂತಂತೆ ಮಾಡಿ ಮತ್ತೆ ಎದ್ದಿತು.

"ಇಷ್ಟೊಂದು ಗೇರಿದೆ, ಒಂದರಲ್ಲಾದ್ರೂ ನೆಟ್ಟಗೆ ನಿಲ್ಲಲ್ವಲ್ಲೋ," ಎಂದ ಮಾವ.

ಹಿಂದೆ ಕಾರುಗಳ ಸಾಲು ಬೆಳೆಯಿತು, ಹಾರನ್ನುಗಳು ಕಿವಿ ಕೊರೆಯತೊಡಗಿದವು. ಡೆಲ್ಬರ್ಟ್ ಮತ್ತೆ ಮತ್ತೆ ಕನ್ನಡಿ ನೋಡಿಕೊಂಡ. ಇಲ್ಲಿ ನಿಂತುಹೋದರೆ ಮಾವ ಮತ್ತೆ ತನ್ನ ಅಂಗಳಕ್ಕೇ. ದೋಣಿಯಂತೂ ಹೋಗಿಯೇ ಹೋಯಿತು.

"ಭಾರ ಎಳೆಯೋದಕ್ಕೆ ಅಂತ ಒಂದು ಗುಂಡಿ ಇರುತ್ತೆ, ಒತ್ತೋ ಮಾರಾಯ."

ಡೆಲ್ಬರ್ಟ್ ಒಂದನ್ನು ಒತ್ತಿದ, ಗಾಜು ಒರೆಸುವ ಕಡ್ಡಿಗಳು ಓಡಾಡಿದವು. ಇನ್ನೊಂದನ್ನು ಒತ್ತಿದ, ಕೂತ ಸೀಟು ಬಿಸಿಯಾಗತೊಡಗಿತು. ಮೂರನೆಯದು ಸರಿಯಾಗಿತ್ತು. ಗೇರುಗಳ ಕುಣಿತ ನಿಂತಿತು. ಎಂಜಿನ್ನು ಒಂದೇ ರಾಗದಲ್ಲಿ ಗುನುಗುತ್ತಾ ಗುಡ್ಡವನ್ನು ಸಲೀಸಾಗಿ ಹತ್ತಿಬಿಟ್ಟಿತು.

ಹೋಬರ್ಟ್ ತನ್ನ ಲೋಟ ನೋಡಿಕೊಂಡ. "ಒಂದು ತೊಟ್ಟೂ ಚೆಲ್ಲಿಲ್ಲ. ಗಾಡಿ ಅಂದ್ರೆ ಇದು ಕಣಯ್ಯ," ಎಂದ. ಮಾವನ ಬಾಯಿಂದ ಮೊದಲ ಸಲ ಹೊಗಳಿಕೆ ಕೇಳಿದ ಡೆಲ್ಬರ್ಟನಿಗೆ ಅಳು ಬರುವಷ್ಟು ಸಂತೋಷವಾಯಿತು.

ಜೋಲೀನ್ ಓಡಿಬಂದು ಅಪ್ಪನನ್ನು ಅಪ್ಪಿಕೊಂಡಳು, ಆದರೆ ಕಣ್ಣು ಪಿಕಪ್ಪಿನ ಮೇಲಿತ್ತು. "ನಿಜವಾಗ್ಲೂ ಎಳೀತಾ ಭಾವ? ಎಲ್ಲೂ ನಿಲ್ಲದೇನೇ?"

"ಎಲ್ಲೂ ನಿಲ್ಲದೇನೇ," ಎಂದು ಡೆಲ್ಬರ್ಟ್ ಎದೆಯುಬ್ಬಿಸಿದ.

"ದೇವರು ದೊಡ್ಡವನು. ಬನ್ನಿ, ಹಿತ್ತಲಿಗೆ ಬನ್ನಿ."

ಹಿತ್ತಲಲ್ಲಿ ಮಾವನದಕ್ಕಿಂತ ಎರಡರಷ್ಟು ಉದ್ದದ ಇನ್ನೊಂದು ಚಕ್ರದ ಮನೆ ನಿಂತಿತ್ತು. ಅದರ ಮೆಟ್ಟಿಲ ಮೇಲೆ ಒಬ್ಬ ಮುದುಕ ಬೂಟು ಕಟ್ಟಿಕೊಂಡು, ಕೋಳಿಗೂಡನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ಧನಾಗಿ ಕೂತಿದ್ದ.

"ಇವರು ನನ್ನ ಗಂಡನ ಅಪ್ಪ, ಆರ್ವಲ್ ಅಂತ," ಎಂದಳು ಜೋಲೀನ್. "ಕೆಳಗೆ ಇಳಿಸೋ ಗಾಡಿ ಸಿಗದೆ ವರ್ಷಾನುಗಟ್ಟಲೆಯಿಂದ ಇಲ್ಲೇ ಇದ್ದಾರೆ. ಇವರು ಜಾಗ ಬಿಟ್ರೆ ತಾನೇ ಅಪ್ಪಂಗೆ ಜಾಗ? ನಿಮ್ಮ ಅಂಗಳ ಹೆಂಗೂ ಖಾಲಿಯಾಯ್ತಲ್ಲ."

"ಇಷ್ಟು ಭಾರ... ಇಳಿಜಾರಲ್ಲಿ... ನನ್ನ ಗಾಡಿ..." ಎಂದು ಡೆಲ್ಬರ್ಟ್ ತೊದಲಿದ.

ಹೋಬರ್ಟ್ ಅಳಿಯನ ಬೆನ್ನು ತಟ್ಟಿದ. "ಹೆದರ್ಕೋಬೇಡ. ಇಳಿಯೋವಾಗ ಹತ್ತು ಗೇರು ಇನ್ನೂ ವಾಸಿ, ಭಾರಾನ ಅದೇ ತಡ್ಕೊಳ್ಳುತ್ತೆ."

ಅಷ್ಟರಲ್ಲಿ ಆರ್ವಲ್ ಗೂಡಿನ ಸಮೇತ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದ. ಕಿಟಕಿಯಿಂದ ತಲೆ ಹೊರಹಾಕಿ, "ನಿಮ್ಮನೇಲಿ ಹುಂಜ ಕೂಗಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ವಲ್ಲ, ತಮ್ಮಾ?" ಎಂದು ಕೇಳಿದ.